ಹುಡುಕಿದರೆ ಸಿಗದ ರೋಹನ ಕಮತೆ

ಜೂನ್ 3, ಮಂಗಳವಾರ

ಬೆಳಗಿನಿಂದ ಪಾಸ್‌ವರ್ಡ್ ಮರೆತವರದೇ ಫೋನ್. ಕಬ್ಬು ನುರಿಸಲು ಸೀಸನ್ ಬೇಕು, ಪಾಸ್‌ವರ್ಡ್ ಮರೆಯಲು ಬೇಡ. ಮಧ್ಯಾಹ್ನ ಜಯಪಾಲ ಸರ್ ಹೊಸ ಡೈರೆಕ್ಟರಿ ತೋರಿಸಿದರು. ಎಲ್‌ಡ್ಯಾಪ್ ಅಂತೆ, ನೌಕರರೆಲ್ಲರ ಪಟ್ಟಿ. ಮೇಲೆ ಸಕ್ಕರೆ ಕಾರ್ಖಾನೆ, ಅದರ ಕೆಳಗೆ ಕಾಗವಾಡ, ರಾಯಬಾಗ, ಅಥಣಿ ಆಫೀಸುಗಳು, ಅವುಗಳ ಕೆಳಗೆ ವಿಭಾಗ, ತಳದಲ್ಲಿ ನೌಕರ. ಐಟಿಯಲ್ಲಿ ನಾವಿಬ್ಬರೇ. ಇನ್ನು ಮೇಲೆ ಹುಡುಕುವ ಕೆಲಸ ನನ್ನದು. ತಿಳಿಯಿತಾ ಎಂದರು. ತಿಳಿಯಿತು ಎಂದೆ. ಅರ್ಧ ತಿಳಿದಿತ್ತು.

ಜೂನ್ 5

ಅಣ್ಣಾಸಾಬ ಮಾವ ನನಗೆ ಹುಡುಗನೊಬ್ಬನ ಸಂಬಂಧ ತಂದ. ರೋಹನ ಕಮತೆ. ನಮ್ಮ ಕಾರ್ಖಾನೆಯಲ್ಲೇ ನೌಕರಿ. ನಾನು ಹೆಸರೇ ಕೇಳಿಲ್ಲ. ಊಟದ ಹೊತ್ತಿಗೆ ಡೈರೆಕ್ಟರಿಯಲ್ಲಿ ಹುಡುಕಿದೆ, ಮೇಲಿನ ತುದಿಯಿಂದಲೇ. ಸೊನ್ನೆ. ಸ್ಪೆಲಿಂಗ್ ಬದಲಿಸಿದೆ. ಸೊನ್ನೆ. ಹುಡುಗ ಸುಳ್ಳುಗಾರ, ಅಂಥವನು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಅವ್ವನಿಗೆ ಫೋನಿನಲ್ಲೇ ಹೇಳಿದೆ. ಅವ್ವ ಮಾವನಿಗೆ ಹೇಳಿದಳು. ಮಾವ ಹುಡುಗನ ಅಪ್ಪನಿಗೆ ಹೇಳಿದ — ಕಾಗವಾಡ ಬಸ್ ಸ್ಟ್ಯಾಂಡಿನಲ್ಲಿ, ಜನರೆದುರು.

ಜೂನ್ 6, ಬೆಳಿಗ್ಗೆ

ಸುಮ್ಮನೆ ಸರ್ ಮುಂದೆ ಆ ಸರ್ಚ್ ಇನ್ನೊಮ್ಮೆ ಓಡಿಸಿದೆ. ನೋಡಿದರು. ಸ್ಕೋಪ್ 'ಒನ್' ಇಟ್ಟಿದ್ದೆ. ಅಂದರೆ ತುದಿಯಿಂದ ಒಂದೇ ಮೆಟ್ಟಿಲು ಕೆಳಗೆ ಹುಡುಕು ಎಂದು. ಅಲ್ಲಿರುವುದು ಬರೀ ಆಫೀಸುಗಳು.

"ಅಂಗಳದಾಗ ನಿಂತು ನೋಡಿ, ಮನ್ಯಾಗ ಯಾರೂ ಇಲ್ಲಂದಿ ನೋಡ."

ಸ್ಕೋಪ್ 'ಸಬ್' ಮಾಡಿದರು. ತಳದವರೆಗೆ ಹೋಯಿತು. ಬಂತು... ರೋಹನ ಕಮತೆ.

ಸರ್ ಹೊರಗೆ ಹೋದದ್ದೇ ಹೆಸರಿನ ಮುಂದಿದ್ದ ಎಕ್ಸ್‌ಟೆನ್ಶನ್ ನಂಬರ್ ಒತ್ತಿದೆ. ಒಂದೇ ಉಸಿರಿಗೆ ಒಪ್ಪಿಸಿದೆ — ಹುಡುಗಿ ನಾನೇ, ದೀಪಾಲಿ, ತಪ್ಪು ನನ್ನದೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸಂಬಂಧ ಮುರಿಯಬೇಡಿ.

ಆ ಕಡೆಯವರು ಪೂರ್ತಿ ಕೇಳಿಸಿಕೊಂಡು ಹೇಳಿದರು:

"ತಂಗೀ, ನನ್ನ ಮದುವಿ ಆಗಿ ಇಪ್ಪತ್ತ ವರ್ಷ ಆತು. ಹೇಂತಿ ಬುತ್ತಿ ತಂದು ಇಲ್ಲೇ ಕುಂತಾಳ. ಆಕಿಗೂ ಒಂಚೂರು ತಿಳಿಸಿ ಹೇಳು."

ಹೇಳಿದೆ.

ಅದೇ ದಿನ, ಸಂಜೆ

ರೋಹನ ಕಮತೆ ಇಬ್ಬರು. ಕೆಳಗಿನ ಸಾಲು ನೋಡಿರಲಿಲ್ಲ. ಡಿಎನ್ ಓದಬೇಕಿತ್ತು — ಹೆಸರಿನಿಂದ ಕಾರ್ಖಾನೆಯವರೆಗೆ ಪೂರ್ತಿ ದಾರಿ. ಹೆಸರು ಇಬ್ಬರಿಗೆ ಒಂದೇ ಇರಬಹುದು, ಡಿಎನ್ ಒಂದೇ ಇರುವಂತಿಲ್ಲ. ರೋಹನ ಕಮತೆ, ಅಕೌಂಟ್ಸ್, ರಾಯಬಾಗ — ಇವರು ಬುತ್ತಿಯವರು. ರೋಹನ ಕಮತೆ, ಕಬ್ಬು ವಿಭಾಗ, ಕಾಗವಾಡ — ಇವನು ನಮ್ಮವನು.

'ನಮ್ಮವನು' ಎಂದು ಯಾಕೆ ಬರೆದೆ?

ಜೂನ್ 9

ಅವನೇ ಬಂದ. ಕಾಗವಾಡದಿಂದ ಬೈಕಿನ ಮೇಲೆ. ಬೂಟಿಗೆಲ್ಲ ಕಬ್ಬಿನ ಹೊಲದ ಕೆಸರು. ಬಾಗಿಲಲ್ಲೇ ನಿಂತ.

"ನಾ ಅದೀನಿ ಅಂತ ತೋರ್ಸಾಕ ಬಂದೀನ್ರಿ."

ಸರ್ ಕೀಬೋರ್ಡ್ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಕ್ಷಮೆ ಕೇಳಿದೆ. ಅವನಿಗೆ ಸಿಟ್ಟಿಲ್ಲ, ಅವನಪ್ಪನಿಗಿದೆ. ಸ್ಟ್ಯಾಂಡಿನಲ್ಲಿ ಎಲ್ಲರೂ ಅವರನ್ನು 'ಇಲ್ಲದ ಮಗನ ಅಪ್ಪ' ಎನ್ನುತ್ತಾರಂತೆ. ಈ ಸಂಬಂಧ ಬೇಡವೆಂದಿದ್ದಾರೆ. ಸ್ಕ್ರೀನಿನಲ್ಲಿ ಅವನ ಹೆಸರು ತೋರಿಸಿದೆ. ಅಪ್ಪನಿಗೆಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಪಾಸ್‌ವರ್ಡ್ ಮರೆತಿದ್ದ, ಹೊಸದು ಕೊಟ್ಟೆ. ಹೋದ. ಆಮೇಲೆ ಕೆಲಸ ಸಾಗಲಿಲ್ಲ.

ಜೂನ್ 13

ಕಮತೆ, ಕಾಗವಾಡ, ಅಕೌಂಟ್ ಲಾಕ್. ಮಂಗಳವಾರವೂ ಆಗಿತ್ತು. ಬುಧವಾರವೂ. ಫೋನ್ ಮಾಡುತ್ತಾನೆ, ಬಿಡಿಸಿಕೊಡುತ್ತೇನೆ. ಆಮೇಲೆ ಮಳೆ, ಕೃಷ್ಣಾ ನದಿಯ ನೀರು, ಅಪ್ಪನ ಸಿಟ್ಟು ಎಷ್ಟು ಇಳಿಯಿತು ಎಂಬ ವರದಿ. ಸರ್ ಲಾಗ್ ನೋಡಿದರು.

"ಈ ಹುಡುಗಗ ಪಾಸ್‌ವರ್ಡ್ ನೆನಪ ಇರಂಗಿಲ್ಲೋ, ಬೇಕಂತ ತಪ್ಪ ಹೊಡ್ಯಾಕತ್ತಾನೋ?"

ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಜೂನ್ 20

ಒಂದು ವಾರದಿಂದ ಲಾಕ್ ಇಲ್ಲ. ದಿನಾ ಹುಡುಕಿ ನೋಡುತ್ತೇನೆ. ಅಕೌಂಟ್ ಗಟ್ಟಿಮುಟ್ಟಾಗಿದೆ. ಇಂಥ ಬೇಜಾರು ಯಾವ ಐಟಿಯವರಿಗೂ ಬಂದಿರಲಿಕ್ಕಿಲ್ಲ. ಅವ್ವ ನಿಪ್ಪಾಣಿಯ ಹುಡುಗನ ಫೋಟೋ ತಂದಿದ್ದಾಳೆ. ನೋಡಿಲ್ಲ.

ಸಂಜೆ

ನಾಲ್ಕರ ಮೇಲೆ ಫೋನ್ ಬಂತು. ಕಾಗವಾಡ. ಲಾಕ್ ಆಯಿತಾ ಎಂದು ಕೇಳಿದೆ.

"ಇಲ್ರಿ. ಅಪ್ಪ ಹೂಂ ಅಂದಾನ. ಈಗ ನಿಮ್ಮನ್ನ ಕೇಳಾಕತ್ತೀನಿ."

ಸರ್ ಎದುರಿಗೇ ಕುಳಿತಿದ್ದರು. ಹೆಲ್ಪ್‌ಡೆಸ್ಕ್ ಧಾಟಿಯಲ್ಲೇ ಹೇಳಿದೆ — ನಿಮ್ಮ ರಿಕ್ವೆಸ್ಟ್ ಅಪ್ರೂವ್ ಆಗೇತ್ರಿ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವನು ಮೆಲ್ಲಗೆ ಕೇಳಿದ, "ಹಂಗಾರ ಇನ್ನ ಪಾಸ್‌ವರ್ಡ್ ಮರೆಯೂದ ಬಿಡ್ಲೇನ್ರಿ?"