ಎಡಬದಿಯ ಮಂಜು

ಮಾನ್ಯ ಸಂಪಾದಕರಿಗೆ,

ಇಂದು ಬೆಳಿಗ್ಗೆ ಅಪ್ಪ ಬಲಗಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು. ಮೂವತ್ತು ವರ್ಷ ಬಟ್ಟೆ ಹೊಲಿದವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ನಿನ್ನೆ ಕಳುಹಿಸಿದ ಕ್ಯಾಮೆರಾ ವಿಮರ್ಶೆಯಲ್ಲಿ, ಚಿತ್ರದ ಎಡಬದಿಗೆ ಮಂಜು ಕವಿಯುತ್ತದೆ, ಲೆನ್ಸ್ ಸರಿಯಿಲ್ಲ ಎಂದು ಬರೆದಿದ್ದೆ. ಮುಖವನ್ನಷ್ಟೇ ಹತ್ತಿರದಿಂದ ತೆಗೆದ ಆ ಚಿತ್ರಕ್ಕೆ ಕೂತವರು ಅಪ್ಪನೇ. ಅವರ ಬಲಗಣ್ಣು ಚಿತ್ರದಲ್ಲಿ ಎಡಕ್ಕೆ, ಮಂಜಿದ್ದಲ್ಲೇ ಬಿದ್ದಿತ್ತು. ಅನುಮಾನ ಬಂದು, ನೀವು ಕಲಿಸಿದಂತೆ ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು ಮತ್ತೆ ತೆಗೆದೆ. ದೋಷ ಲೆನ್ಸಿನದಾದರೆ ಮಂಜು ಇನ್ನೊಂದು ಕಣ್ಣಿಗೆ ಜರುಗಬೇಕಿತ್ತು.

"ಹಂಗೆ ಹಿಡಿದ್ರೆ ವಯಸ್ಸು ಇಳಿಯುತ್ತಾ, ಮಗಳೇ?" ಅಂದರು ಅಪ್ಪ.

ಮಂಜು ಜರುಗಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಅವುಗಳ ಹಿಂದೆ, ಕಪ್ಪು ಪಾಪೆಯೊಳಗೆ, ಹಾಲಿನ ಕೆನೆಯಂಥ ತೆಳು ಬಿಳುಪು. ಇಪ್ಪತ್ತೆರಡು ವರ್ಷ ದಿನವೂ ನೋಡಿದ ಮುಖದಲ್ಲಿ ನಾನು ಕಾಣದ್ದನ್ನು ಆ ಗಾಜು ಅರೆಗಳಿಗೆಯಲ್ಲಿ ಕಂಡಿತ್ತು.

ಕಣ್ಣಿಗೇನಾಗಿದೆ ಎಂದು ಕೇಳಿದರೆ, "ಕಣ್ಣಿಗೇನೂ ಆಗಿಲ್ಲ, ನಿಮ್ಮಮ್ಮ ತಂದ ಬಲ್ಬೇ ಮಂದ" ಅಂದರು.

ದಯವಿಟ್ಟು ಆ ವಿಮರ್ಶೆಯನ್ನು ಹಾಗೆಯೇ ಅಚ್ಚಿಗೆ ಕಳಿಸಬೇಡಿ. ಲೆನ್ಸಿಗೆ ನಾನು ಕಡಿಮೆ ಕೊಟ್ಟ ಎರಡು ಅಂಕಗಳನ್ನು ಮರಳಿ ಕೊಡಿ. ಇದು ನನ್ನ ಮೊದಲ ವಿಮರ್ಶೆ. ಮುಂದೆ ನನಗೆ ಬರೆಯಲು ಕೊಡದಿದ್ದರೂ ಸರಿಯೇ, ಒಳ್ಳೆಯ ಲೆನ್ಸಿಗೆ ಕೆಟ್ಟ ಹೆಸರು ಬರಬಾರದು.

ನಾಳೆ ಒಂದು ದಿನ ರಜೆ ಬೇಕು, ಕ್ಯಾಮೆರಾ ಕೂಡ ನನ್ನ ಬಳಿಯೇ ಇರಲಿ. ಕಣ್ಣಾಸ್ಪತ್ರೆ ಎಂದರೆ ಅಪ್ಪ ಹೊರಡುವುದಿಲ್ಲ. ಬಿಳಿ ಗೋಡೆಯ ಕಟ್ಟಡವೊಂದರಲ್ಲಿ ಕ್ಯಾಮೆರಾದ ಇನ್ನೊಂದು ಪರೀಕ್ಷೆ ಬಾಕಿಯಿದೆ, ಚಿತ್ರಕ್ಕೆ ಕೂರಲು ನೀವೇ ಬೇಕು ಅಪ್ಪಾ ಎಂದು ಹೇಳಿ ಕರೆದೊಯ್ಯುತ್ತೇನೆ.

ವಿಶ್ವಾಸದಿಂದ,
ನಿಮ್ಮ ಹೊಸ ವಿಮರ್ಶಕಿ