ಅತ್ತೆಯವರ ಸೀಟಿನ ಸೆನ್ಸರ್

ಮನೆಯಿಂದ,
ಭಾನುವಾರ, ಜನವರಿ ೧೨

ಪ್ರೀತಿಯ ಇವರಿಗೆ,

ಮದುವೆಯಾಗಿ ಒಂಬತ್ತು ವರ್ಷವಾದರೂ ಕಾಗದದಲ್ಲಿ ನಿಮ್ಮನ್ನು ಏನೆಂದು ಕರೆಯಬೇಕೋ ನನಗೆ ತಿಳಿದಿಲ್ಲ, ಸದ್ಯಕ್ಕೆ ಇಷ್ಟರಲ್ಲೇ ಸಮಾಧಾನ ಮಾಡಿಕೊಳ್ಳಿ. ಹೇಗಿದ್ದೀರಿ? ಕೆಮ್ಮು ನಿಂತಿತೇ? ಹಡಗಿನಲ್ಲಿ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರಾ, ಅಥವಾ ಇಂಜಿನ್ ರೂಮಿನಲ್ಲೇ ಬಿದ್ದಿರುತ್ತೀರಾ? ನಾನೂ ಅತ್ತೆಯವರೂ ಕ್ಷೇಮ. ಕ್ಷೇಮವಾಗಿಲ್ಲದಿರುವುದು ನಿಮ್ಮ ಕಾರು ಮಾತ್ರ.

ಹೊರಡುವಾಗ “ಅಮ್ಮನ್ನ ಟೈಲರಿಂಗ್ ಅಂಗಡಿಗೆ ಬಿಡೋವಾಗ ಸೀಟಿನ ಹೀಟರ್ ಹಾಕು, ಮರೀಬೇಡ” ಎಂದು ಮೂರು ಸಲ ಹೇಳಿದಿರಿ. ಮರೆತಿಲ್ಲ ಮಹಾರಾಯರೇ! ದಿನಾ ಹಾಕುತ್ತೇನೆ. ಅತ್ತೆ ಕೂತು ಎರಡು ನಿಮಿಷವಾಗುವಷ್ಟರಲ್ಲಿ ಗುಂಡಿಯ ದೀಪ ಮಿಣಮಿಣ ಎಂದು ಆರಿಹೋಗುತ್ತದೆ. ನಮ್ಮ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರೆ ಬೆನ್ನು ಒರಗುವ ಕಡೆಯ ಸೆನ್ಸರ್ ದೋಷ ಎನ್ನುತ್ತದೆ. ಸೀಟು ವಿಪರೀತ ಬಿಸಿಯಾದರೆ ಹೀಟರನ್ನು ನಿಲ್ಲಿಸುವುದಷ್ಟೇ ಆ ಕಾಳಿನಷ್ಟು ವಸ್ತುವಿನ ಕೆಲಸ. ನಮ್ಮದೋ, ಸೀಟು ಬೆಚ್ಚಗಾಗುವ ಮೊದಲೇ ಸುಡುತ್ತಿದೆ ಎಂದು ಬೊಬ್ಬೆ ಹೊಡೆಯುತ್ತದೆ.

ಸೀಟಿನ ಬಟ್ಟೆ ಬಿಚ್ಚಿ ಸೆನ್ಸರ್ ಬದಲಾಯಿಸಿದೆ. ವೈರು, ಪ್ಲಗ್ಗು, ಫ್ಯೂಸು ಎಲ್ಲವನ್ನೂ ಮೀಟರ್ ಹಿಡಿದು ನೋಡಿದೆ. ನಾನೇ ಅರ್ಧ ಗಂಟೆ ಆ ಸೀಟಿನಲ್ಲಿ ಕೂತು ಮಧ್ಯಾಹ್ನದ ಬುತ್ತಿ ಉಂಡೆ. ಪಾಪದ ಹಸುವಿನ ಹಾಗೆ ಬೆಚ್ಚಗೆ ಕೂರಿಸಿಕೊಂಡಿತು! ಮಾರನೆಯ ಬೆಳಿಗ್ಗೆ ಅತ್ತೆ ಕೂತರು, ದೀಪ ಆರಿತು. ಮತ್ತೆ ಬಿಚ್ಚಿದೆ, ಇನ್ನೊಂದು ಹೊಸ ಸೆನ್ಸರ್ ಹಾಕಿದೆ. ಅದೇ ಕಥೆ. ನನ್ನ ತಲೆ ಕೆಟ್ಟು ಕೆರ ಹಿಡಿದಿದೆ. ಹನ್ನೊಂದು ವರ್ಷದಿಂದ ಊರವರ ಕಾರುಗಳ ವೈರಿಂಗ್ ಸರಿಮಾಡುವವಳಿಗೆ ಸ್ವಂತ ಕಾರಿನ ಮುಂದೆ ಮುಖಭಂಗ. ಗ್ಯಾರೇಜಿನ ಯಜಮಾನರಿಗಂತೂ ನಗುವೇ ನಗು. “ನಿಮ್ಮತ್ತೆ ಕಂಡ್ರೆ ಕಾರಿಗೂ ಭಯ ಕಣಮ್ಮ” ಎಂದರು.

ಅತ್ತೆಯವರನ್ನು ಕೇಳಿದರೆ “ಬಿಡೇ, ನಂಗೆಲ್ಲಿ ಚಳಿ” ಎನ್ನುತ್ತಾರೆ. ಆ ದಪ್ಪ ಶಾಲು ಮಾತ್ರ ಕಾರಿನೊಳಗೂ ಮೈಮೇಲಿಂದ ಇಳಿಯುವುದಿಲ್ಲ. ಈಗಲೂ ಪಕ್ಕದಲ್ಲೇ ಕೂತು, ಕನ್ನಡಕ ಏರಿಸಿಕೊಂಡು, ನಾನು ಬರೆದ ಒಂದೊಂದು ಸಾಲನ್ನೂ ಓದುತ್ತಿದ್ದಾರೆ. ಸೀಟಿನ ವಿಷಯಕ್ಕೆ ಇಷ್ಟುದ್ದ ಯಾಕೆ, ಮಗ ಗಾಬರಿಯಾಗುತ್ತಾನೆ ಎಂದು ನನಗೇ ಗದರಿದರು. ತಾವು ಗುಂಡುಕಲ್ಲಿನ ಹಾಗಿರುವುದಾಗಿ ಬರೆಯಬೇಕಂತೆ. ಬರೆದಿದ್ದೇನೆ. ನಿಮಗೆ ಅವರ ಆಶೀರ್ವಾದ, ಬೆಚ್ಚಗೆ ಮಲಗಬೇಕೆಂದು ತಾಕೀತು ಕೂಡ.

ನಿಮ್ಮ,
ಸಿಡುಕಿ

ವಿ.ಸೂ.: ಅಂಚೆ ಡಬ್ಬಿಯ ಪಕ್ಕ ಕಾರು ನಿಲ್ಲಿಸಿ, ಸ್ಟೀರಿಂಗ್ ಮೇಲೆ ಕಾಗದ ಇಟ್ಟುಕೊಂಡು ಇದಿಷ್ಟನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಅತ್ತೆ ಪಕ್ಕದಲ್ಲೇ ಓದುತ್ತಿದ್ದರಲ್ಲ, ಅಲ್ಲಿ ಬರೆಯಲಾಗಲಿಲ್ಲ. ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಮೊನ್ನೆ ಅಂಗಡಿಯ ಮುಂದೆ ಇಳಿಯುವಾಗ ಅತ್ತೆಯ ಶಾಲಿನೊಳಗಿಂದ ಬಿಸಿನೀರಿನ ಚೀಲ ಜಾರಿ ಬಿತ್ತು. ದಿನಾ ಅದನ್ನು ಬೆನ್ನಿಗೆ ಒತ್ತಿಕೊಂಡೇ ಕೂರುತ್ತಿದ್ದರು. “ನಿನ್ನ ಸೀಟು ಚೆನ್ನಾಗೇ ಇದೆ ಕಣೇ, ನನ್ನ ನೋವಿಗೆ ಅದು ಸಾಲ್ತಿಲ್ಲ ಅಷ್ಟೆ. ಅವನಿಗೆ ಮಾತ್ರ ಬರೀಬೇಡ” ಎಂದು ನನ್ನಿಂದ ಮಾತು ತೆಗೆದುಕೊಂಡರು. ನೀವು ಹೋದಾಗಿನಿಂದ ನೆಟ್ಟಗೆ ಮಲಗಲು ಆಗುತ್ತಿಲ್ಲವಂತೆ. ಎರಡು ಸೆನ್ಸರ್ ಬದಲಾಯಿಸಿದೆ, ಸೀಟಿನಲ್ಲಿ ಕೂತವರಿಗೆ ನೋವಿದೆಯೇ ಎಂದು ಒಂದು ಮಾತು ಕೇಳಲಿಲ್ಲ. ಈಗ ಸಿಟ್ಟೆಲ್ಲ ನನ್ನ ಮೇಲೇ. ಡಾಕ್ಟರ ಹತ್ತಿರ ಬನ್ನಿ ಎಂದರೆ ನನ್ನ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀವು ಹೇಳಿದರೆ ಹೋಗುತ್ತಾರೆ. ಈ ಕಾಗದ ಕೈಸೇರಿದ ಕೂಡಲೇ ಬಂದರಿನಿಂದ ಫೋನ್ ಮಾಡಿ. ಹೇಗಿದ್ದೀಯಮ್ಮ ಎಂದು ಮಾತ್ರ ಕೇಳಬೇಡಿ, ಚೆನ್ನಾಗಿದ್ದೀನಿ ಎಂದುಬಿಡುತ್ತಾರೆ. ಎಲ್ಲಿ ನೋಯುತ್ತದೆ ಎಂದು ಕೇಳಿ.