ಕಟ್ಟದೊಳಗಿನ ಉಪ್ಪು

ಡಿಸೆಂಬರ್ 14, ಶನಿವಾರ

ಸೌತೆ ಸಾಲಿಗೆ ಬೂದಿ ಹಾಕಿ ಮುಗಿಯಿತು. ನಾಳೆ ಸಮುದ್ರಕ್ಕೆ ಹರಿಯುವ ತೋಡಿಗೆ ಕಟ್ಟ. ಎರಡು ಸಾಲು ಹಲಗೆ, ನಡುವೆ ಜೇಡಿಮಣ್ಣು — ಸಮುದ್ರದ ಉಪ್ಪುನೀರು ಗದ್ದೆ ಕಡೆಗೆ ಬಾರದ ಹಾಗೆ. ಬೆಳಿಗ್ಗೆ ಆರಕ್ಕೆ, ಇಳಿತದಲ್ಲಿ, ಕೊನೆಯ ಹಲಗೆ ಇಳಿಸಬೇಕು. ಆಗ ಒಳಗೆ ನಿಲ್ಲುವುದು ಗುಡ್ಡದ ಸಿಹಿನೀರು ಮಾತ್ರ. ಈ ವರ್ಷ ಉದ್ಘಾಟನೆ ಬೇರೆ, ಅದಕ್ಕೊಬ್ಬ ಮುಖ್ಯ ಅತಿಥಿ. ಗಂಡ ಜೊಕಿಮ್ ಗದ್ದೆಯವರ ಪಾಡಶೇಖರ ಸಮಿತಿಯ ಸೆಕ್ರೆಟರಿ. ಬ್ಯಾನರಿನಲ್ಲಿ ಅವನ ಹೆಸರು ದಪ್ಪಗೆ ಇದೆ.

ಡಿಸೆಂಬರ್ 15, ಆದಿತ್ಯವಾರ

ಇಗರ್ಜಿಯ ಪೂಜೆ ತಪ್ಪಿಸಿ ಹೋದದ್ದು ಇದಕ್ಕೆ. ಅತಿಥಿ ಬಂದದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ಉಬ್ಬರ ಪೂರ್ತಿ ಏರಿತ್ತು.

ಪಕ್ಕದ ಗದ್ದೆಯ ಲೋಕನಾಥ ಹೇಳಿಯೇ ಹೇಳಿದ. "ಜೊಕಿಮ್ ಪೊರ್ಬುಗಳೇ, ಈಗ ಮುಚ್ಚಿದ್ರೆ ಉಪ್ಪು ಒಳಗೇ ನಿಲ್ತದೆ."

ಜೊಕಿಮ್ ನೀರು ನೋಡಿದ. ಅತಿಥಿಯನ್ನು ನೋಡಿದ. "ಬಂದವರನ್ನು ಸಂಜೆವರೆಗೆ ಕೂರಿಸ್ಲಿಕ್ಕಾಗ್ತದಾ ಮಾರಾಯ?"

ಹಲಗೆ ಇಳಿಯಿತು. ಚಪ್ಪಾಳೆ, ಕುಡಿಯಲು ಬೊಂಡದ ನೀರು, ಫೋಟೋ.

ಡಿಸೆಂಬರ್ 18

ತೋಡಿಗಿಟ್ಟ ಪಂಪಿನ ನೀರನ್ನು ನಾಲಿಗೆಗೆ ಹಾಕಿ ನೋಡಿದೆ. ಗಂಜಿಗೆ ಹಾಕುವಷ್ಟು ಉಪ್ಪು. ಉಪ್ಪುನೀರು ಅಡಿಯಲ್ಲಿ ಕೂರುತ್ತದೆ, ಪಂಪ್ ನೀರೆಳೆಯುವ ಫುಟ್‌ವಾಲ್ವ್ ಇರುವುದೂ ಅಡಿಯಲ್ಲೇ. ಪಂಪ್ ನಿಲ್ಲಿಸಿದೆ. ಬಾವಿಯಿಂದ ಕೊಡದಲ್ಲಿ ಹೊತ್ತು ಹಾಕಿದೆ. ಸೊಂಟ ಬಿತ್ತು.

ಡಿಸೆಂಬರ್ 23

ಆಚೆ ಗದ್ದೆಯ ಹರಿಣಾಕ್ಷಿಗೆ ಹೇಳುವಷ್ಟರಲ್ಲಿ ಅವಳು ತೋಡಿನ ನೀರು ಬಿಟ್ಟಾಗಿತ್ತು. ಈಗ ಅವಳ ಸೌತೆ ಎಲೆಯ ಅಂಚೆಲ್ಲ ಸುಟ್ಟಿದೆ. ಮಣ್ಣಿನ ಮೇಲೆ ಬಿಳಿ ಹುಡಿ. ಕೃಷಿಭವನದ ಶ್ರೀರಂಜಿನಿ ಮೇಡಂ ಬಂದು ತೋಡಿನ ನೀರಿಗೆ ಉಪ್ಪು ಅಳೆಯುವ ಮೀಟರ್ ಅದ್ದಿದರು.

"ಇಳಿತಕ್ಕೆ ಅಡಿಹಲಗೆ ತೆಗ್ದು ಉಪ್ಪು ಬಿಡಿ, ಮತ್ತೆ ಮುಚ್ಚಿ. ಸಿಹಿನೀರು ತುಂಬಿದ ಮೇಲೆ ಗದ್ದೆ ತೊಳೀರಿ. ಗುಡ್ಡದ ಒರತೆ ಬತ್ತುವ ಮೊದ್ಲೇ ಆಗ್ಬೇಕು. ಇಲ್ಲದಿದ್ರೆ ಈ ವರ್ಷದ ಬೆಳೆ ಇಲ್ಲ."

ಇಷ್ಟೇ ಕೆಲಸ. ಅದಕ್ಕೆ ಜೊಕಿಮ್ — "ಉದ್ಘಾಟನೆ ಆದ ಕಟ್ಟವನ್ನು ಬಿಚ್ಚಿದ್ರೆ ಜನ ಎಂತ ಹೇಳಿಯಾರು?"

ಯಾವ ಜನ? ಗದ್ದೆ ಇರುವ ಜನ ನಾವೇ ಅಲ್ಲವೇ?

ಡಿಸೆಂಬರ್ 25

ಮನೆ ತುಂಬ ನೆಂಟರು. ಜೊಕಿಮ್ ಎಲ್ಲರಿಗೂ ಫೋನಿನಲ್ಲಿ ಉದ್ಘಾಟನೆಯ ಫೋಟೋ ತೋರಿಸಿದ. ಕ್ರಿಸ್ಮಸ್ಸಿನ ಸಿಹಿ ನೆವ್ರಿಯ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಬಂದೆ.

ತಿಳಿಯದೆ ಮಾಡಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ತೋಡಿನಲ್ಲೇ ಈಜಿ ಬೆಳೆದವನು. ಗೊತ್ತಿದ್ದೂ ಮುಚ್ಚಿಸಿದ. ಹಬ್ಬದ ದಿನ ಬರೆಯಬಾರದು, ಆದರೂ... ಅವನ ಮುಖ ನೋಡಲು ಮನಸ್ಸಿಲ್ಲ.

ಡಿಸೆಂಬರ್ 30, ಸಂಜೆ 4

ಅಮಾವಾಸ್ಯೆ. ಇಷ್ಟು ದೊಡ್ಡ ಇಳಿತ ಇನ್ನು ಹುಣ್ಣಿಮೆವರೆಗೆ ಇಲ್ಲ. ಒರತೆ ಆಗಲೇ ಸಣ್ಣಗಾಗಿದೆ, ಅಲ್ಲಿಯವರೆಗೆ ಉಳಿಯುವುದಿಲ್ಲ. ಅಂಗಳದಲ್ಲಿ ಹರಿಣಾಕ್ಷಿ ಹಾರೆ ಹಿಡಿದು ನಿಂತಿದ್ದಾಳೆ. ಲೋಕನಾಥ ಹಗ್ಗ ತಂದಿದ್ದಾನೆ.

ಜೊಕಿಮ್ ಬಾಗಿಲಿಗೆ ಅಡ್ಡ. "ಉದ್ಘಾಟನೆ ಮಾಡಿದವರನ್ನು ಒಂದು ಮಾತು ಕೇಳಿಯಾದರೂ ಬಿಚ್ಚುವ, ಗ್ರೇಸಿ. ಮರ್ಯಾದೆ ಅಂತ ಒಂದು ಉಂಟಲ್ಲ."

ಕೇಳು ಎಂದೆ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕು ಎಂದೆ.

ಅತಿಥಿಗೆ ಫೋನ್ ಮಾಡಿದ. ಹೆಸರು ಹೇಳಿದ, ಸಮಿತಿ ಹೇಳಿದ, ಕಟ್ಟದ ವಿಷಯ ಹೇಳಿದ. ಆ ಕಡೆಯಿಂದ —

"ಯಾವ ಕಟ್ಟ?"

ಜೊಕಿಮ್ ಫೋನ್ ಹಿಡಿದೇ ನಿಂತಿದ್ದಾನೆ. ಬಾಗಿಲು ಬಿಟ್ಟಿದ್ದಾನೆ. ಹರಿಣಾಕ್ಷಿ ಕೂಗುತ್ತಿದ್ದಾಳೆ. ನೀರು ಇಳಿಯುತ್ತಿದೆ, ಉಳಿದದ್ದು ಹಲಗೆ ತೆಗೆದು ಬಂದ ಮೇಲೆ